ಎಣ್ಣೆ ನೋಡುವ ಶಾಸ್ತ್ರ

ಚಳ್ಳಕೆರೆ ಲಾರಿ ಸ್ಟ್ಯಾಂಡಿನಲ್ಲಿ ಕಾಟಯ್ಯ ತನ್ನ ಹೊಸ ಯಂತ್ರವನ್ನು ಲೋಕಕ್ಕೆ ತೋರಿಸಿದ ಭಾನುವಾರ ಸೂರ್ಯನೇ ಒಂದು ಗಳಿಗೆ ನಿಂತು ನೋಡಿದನಂತೆ. ನಂಬದವರು ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ; ಅವತ್ತು ಅಲ್ಲಿ ಇಲ್ಲದಿದ್ದವರೂ ಹೌದು ಅನ್ನುತ್ತಾರೆ.

ಯಂತ್ರ ನೋಡುವುದಕ್ಕೆ ಮೂರಂತಸ್ತಿನ ಊಟದ ಕ್ಯಾರಿಯರ್ ಇದ್ದ ಹಾಗಿತ್ತು. ಇದ್ದ ಹಾಗೇನು ಬಂತು, ಅದು ಊಟದ ಕ್ಯಾರಿಯರ್ರೇ! ಅದಕ್ಕೆ ಎರಡು ತಾಮ್ರದ ಕೊಳವೆ, ಒಂದು ಹಸಿರು ದೀಪ, ಮುಚ್ಚಳದ ಮೇಲೆ ಕುಂಕುಮದ ಬೊಟ್ಟು. ಹೆಸರು ‘ಅಕ್ಷಯ’.

"ಭಾವ, ಇದು ಸಿಡಿಯಲ್ಲ ತಾನೆ?" ಎಂದು ಚಿತ್ರಲಿಂಗ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ.

ಅವನ ಭಯಕ್ಕೆ ಕಾರಣವಿತ್ತು. ಚಿತ್ರಲಿಂಗನ ಅಕ್ಕ ದ್ಯಾಮಕ್ಕನ ಗಂಡ ಈ ಕಾಟಯ್ಯ. ಹೊಟ್ಟೆಪಾಡಿಗೆ ಲಾರಿ ಮೆಕ್ಯಾನಿಕ್ಕು, ಹುಟ್ಟಿನಿಂದ ವಿಜ್ಞಾನಿ. ಹಿಂದೆ ತಾನಾಗಿಯೇ ಪಂಕ್ಚರ್ ಮುಚ್ಚಿಕೊಳ್ಳುವ ಟ್ಯೂಬು ಕಂಡುಹಿಡಿದಿದ್ದ. ಅದು ಗಾಳಿ ತುಂಬುವ ತೂತನ್ನೂ ಮುಚ್ಚಿಕೊಂಡು ಕೂತಿತು. ಆಮೇಲೆ ತೂಕಡಿಸುವ ಡ್ರೈವರನ್ನು ಎಬ್ಬಿಸುವ ಸೀಟು ಮಾಡಿದ. ಅದರ ಮೇಲೆ ಕೂತು ತೂಕಡಿಸಿದ ಒಬ್ಬ ಡ್ರೈವರ್ ಎದ್ದದ್ದೇನೋ ನಿಜ, ಇಳಿದದ್ದು ಮಾತ್ರ ಪಕ್ಕದ ತಾಲ್ಲೂಕಿನಲ್ಲಿ.

"ಸಿಡಿಯೋದು ಹಳೇ ಯಂತ್ರಗಳ ಬುದ್ಧಿ ಕಣೋ," ಎಂದ ಕಾಟಯ್ಯ. "ಇದು ತಿನ್ನುತ್ತೆ!"

"ಏನನ್ನ?"

"ಕರೀನ! ನೋಡು, ಎಂಜಿನ್ ಆಯಿಲ್ ಯಾಕೆ ಬದಲಿಸ್ತೀವಿ? ಎಣ್ಣೆಗೇನು ವಯಸ್ಸಾಗುತ್ತಾ? ಇಲ್ಲ! ಡೀಸೆಲ್ ಉರಿದ ಮಸಿ ಸೇರಿ ಕೊಳಕಾಗುತ್ತೆ ಅಷ್ಟೆ. ನೀವೋ, ಮಸಿ ಜತೆ ಎಣ್ಣೇನೂ ಚೆಲ್ಲಿಬಿಡ್ತೀರ. ಅಂಗಿ ಕೊಳೆಯಾಯ್ತು ಅಂತ ಯಾರಾದರೂ ತಿಪ್ಪೆಗೆ ಎಸೀತಾರೇನೋ? ಒಗೀಬೇಕು! ಈ ಡಬ್ಬಿಯೊಳಗೆ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಮಸಿ ತಿನ್ನುತ್ತವೆ, ಹೊಸ ಎಣ್ಣೆ ಬಿಡುತ್ತವೆ. ಇನ್ನು ಮೇಲೆ ಆಯಿಲ್ ಚೇಂಜ್ ಅನ್ನೋದು ಜನ್ಮಕ್ಕೊಂದು ಸಲ!"

"ಎಲ್ಲಿ ಸಿಕ್ಕವು ಭಾವ, ಇಂಥ ಜೀವಿಗಳು?"

ಕಾಟಯ್ಯ ದನಿ ತಗ್ಗಿಸಿದ. "ವರ್ಷಗಟ್ಟಲೆ ಯಾರೂ ಬದಲಿಸದೆ, ದಿನಾ ಕುದಿದೂ ಕುದಿದೂ, ಆದರೂ ಸಾಯದೆ ಇರೋ ಎಣ್ಣೆ ಈ ಭೂಮಂಡಲದಲ್ಲಿ ಒಂದೇ ಕಡೆ ಇರೋದು."

ಎಲ್ಲರೂ ತಿರುಗಿ ದ್ಯಾಮಕ್ಕನ ಮಿರ್ಚಿ ಅಂಗಡಿಯ ಬಾಣಲೆ ನೋಡಿದರು.

ಆ ಬಾಣಲೆಗೆ ಮೊದಲು ಎಣ್ಣೆ ಹಾಕಿದ್ದು ದ್ಯಾಮಕ್ಕನ ಅತ್ತೆ. ಅಂದಿನಿಂದ ಇಂದಿನವರೆಗೆ ಕಡಿಮೆಯಾದಷ್ಟು ಸುರಿದಿದ್ದಾರೆಯೇ ಹೊರತು ಒಂದು ದಿನವೂ ಖಾಲಿ ಮಾಡಿದ್ದಿಲ್ಲ. ರುಚಿ ಇರುವುದೇ ಆ ಎಣ್ಣೆಯಲ್ಲಿ. ಅವಳ ಮಿರ್ಚಿ ತಿನ್ನಲು ಬಳ್ಳಾರಿಯಿಂದ ಲೋಡಿಲ್ಲದ ಲಾರಿ ಓಡಿಸಿಕೊಂಡು ಬಂದವರಿದ್ದಾರೆ. ತಿಂದು, ತಾವು ಯಾವ ಊರಿನವರು ಅನ್ನುವುದನ್ನೇ ಮರೆತವರಿದ್ದಾರೆ!

"ಏನ್ರೀ! ನನ್ನ ಬಾಣಲೆಗೇ ಕೈ ಹಾಕಿದ್ರಾ?" ಎಂದು ದ್ಯಾಮಕ್ಕ ಜಾಲರಿ ಸೌಟು ಎತ್ತಿದಳು.

"ಒಂದೇ ಸೌಟು ಕಣೆ. ವಿಜ್ಞಾನಕ್ಕೆ!"

"ವಿಜ್ಞಾನಕ್ಕೆ ನಿಮ್ಮ ತಲೆಗೆ ಹಚ್ಕೊಳ್ಳೋ ಎಣ್ಣೆ ಇರಲಿಲ್ವಾ?"

"ಅದನ್ನೂ ಪರೀಕ್ಷೆ ಮಾಡಿದೆ. ಅದರಲ್ಲಿ ಏನೂ ಬೆಳೆಯಲ್ಲ," ಎಂದು ಕಾಟಯ್ಯ ತನ್ನ ಬೋಳು ತಲೆ ಸವರಿಕೊಂಡ.

ಬೇರೆ ದಿನವಾಗಿದ್ದರೆ ಚಿತ್ರಲಿಂಗ ತನ್ನ ಹತ್ತು ಚಕ್ರದ ಲಾರಿ ‘ನಾಗತಿ’ಯನ್ನು ಸ್ಟಾರ್ಟ್ ಮಾಡಿಕೊಂಡು ಓಡಿಹೋಗುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಹಿರಿಯೂರಿನಲ್ಲಿ ಅವನಿಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಹೆಣ್ಣಿನ ಅಪ್ಪ ಓಬಳಪ್ಪನಿಗೆ ಎಂಜಿನ್ ಆಯಿಲ್ ಅಂಗಡಿ. ಆ ಮನುಷ್ಯ ಗಂಡಿನ ಜಾತಕ ಕೇಳುತ್ತಿರಲಿಲ್ಲ, ಗುಣ ವಿಚಾರಿಸುತ್ತಿರಲಿಲ್ಲ. ನೆಟ್ಟಗೆ ಹೋಗಿ ಗಂಡಿನ ಲಾರಿಯ ಬಾನೆಟ್ ಎತ್ತಿಸಿ, ಎಂಜಿನ್ನಿನ ಹೊಟ್ಟೆಯೊಳಗೆ ಇಳಿಬಿಟ್ಟಿರುವ ಗೇಜು ಕಡ್ಡಿ ಎಳೆದು, ಎಣ್ಣೆ ಎಷ್ಟಿದೆ, ಹೇಗಿದೆ ನೋಡುತ್ತಿದ್ದ. "ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದವನು ನನ್ನ ಮಗಳಿಗೆ ಹಬ್ಬಕ್ಕೊಂದು ಸೀರೆ ತಂದಾನಾ?" ಅನ್ನುವುದು ಅವನ ಸಿದ್ಧಾಂತ. ಈ ಗೇಜಿನ ಪರೀಕ್ಷೆಯಲ್ಲಿ ಮೂರು ಜಿಲ್ಲೆಯ ಗಂಡುಗಳು ಫೇಲಾಗಿದ್ದರು. ಬ್ಯಾಂಕಿನ ಕೆಲಸದವನೊಬ್ಬ ಬಂದಿದ್ದನಂತೆ, ಅವನಿಗೆ ಎಂಜಿನ್ನೇ ಇಲ್ಲ ಅಂತ ಕಾಫಿ ಕೂಡ ಕೊಡದೆ ಕಳಿಸಿದ.

ಚಿತ್ರಲಿಂಗನಿಗೋ ಆಯಿಲ್ ಬದಲಿಸುವುದೆಂದರೆ ರಕ್ತ ಕೊಟ್ಟಷ್ಟು ಸಂಕಟ. ಇನ್ನೊಂದು ಟ್ರಿಪ್ಪು, ಇನ್ನೊಂದು ಟ್ರಿಪ್ಪು ಅಂತ ಮುಂದೂಡಿ ಮುಂದೂಡಿ ನಾಗತಿಯ ಎಣ್ಣೆ ರಾಗಿ ಅಂಬಲಿಯಷ್ಟು ಗಟ್ಟಿಯಾಗಿತ್ತು. ಈಗ ಬದಲಿಸೋಣ ಅಂದರೆ ಸುತ್ತ ಎಲ್ಲ ಗ್ಯಾರೇಜಿಗೂ ಆಯಿಲ್ ಹೋಗುವುದೇ ಓಬಳಪ್ಪನ ಅಂಗಡಿಯಿಂದ. ಹೆಣ್ಣು ನೋಡುವ ಮುಂಚೆ ಕೊಂಡರೆ ಗುಟ್ಟು ರಟ್ಟು. ಸಾಲದ್ದಕ್ಕೆ ಮಸಿ ಕಟ್ಟಿದ ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿದರೂ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಕರ್ರಗಾಗುತ್ತದೆ.

ಅವನಿಗೆ ಇನ್ನೊಂದು ಗುಟ್ಟೂ ಇತ್ತು. ಗಂಡಿಗೆ ಮೂವತ್ತೊಂದು ಎಂದು ಹೇಳಿ ಕಳಿಸಿದ್ದ. ಆ ಮೂವತ್ತೊಂದು ಕಳೆದು ಹತ್ತು ದೀಪಾವಳಿ ಆಗಿತ್ತು. ಬೆಳಗ್ಗೆ ತಾನೇ ಸಲೂನಿನಲ್ಲಿ ತಲೆ, ಮೀಸೆ, ಕೊನೆಗೆ ಹುಬ್ಬಿಗೂ ಕರಿ ಬಣ್ಣ ಹಚ್ಚಿಸಿಕೊಂಡು ಕಾಗೆಯ ಹಾಗೆ ಮಿರಮಿರ ಮಿಂಚುತ್ತಿದ್ದ.

"ಹಾಕಿಬಿಡು ಭಾವ!" ಎಂದ.

ಕಾಟಯ್ಯ ಗೇಜು ಎಳೆದು ಎಲ್ಲರಿಗೂ ತೋರಿಸಿದ. ಅಮಾವಾಸ್ಯೆ! ಅಕ್ಷಯವನ್ನು ಎಂಜಿನ್ನಿಗೆ ಬಿಗಿದು ಸ್ಟಾರ್ಟ್ ಮಾಡಿಸಿದ. ಒಂದು ಟೀ ಕುಡಿಯುವಷ್ಟರಲ್ಲಿ ಮತ್ತೆ ಗೇಜು ಎಳೆದು ಚಿತ್ರಲಿಂಗನ ಕೈಗಿಟ್ಟ. ತುದಿಯಲ್ಲಿ ಜೇನುತುಪ್ಪದಂಥ ಎಣ್ಣೆ, ಅದರಲ್ಲಿ ನೋಡುವವರ ಮುಖ ಕಾಣುತ್ತಿತ್ತು, ಇರುವುದಕ್ಕಿಂತ ಚೆನ್ನಾಗಿಯೇ! ಸ್ಟ್ಯಾಂಡಿಗೆ ಸ್ಟ್ಯಾಂಡೇ ಶಿಳ್ಳೆ ಹೊಡೆಯಿತು. ಕಾಟಯ್ಯ ಆ ಖುಷಿಯಲ್ಲಿ ಕದ್ದ ಎಣ್ಣೆಗೆ ಬದಲಾಗಿ ಡಬ್ಬಿಯಿಂದ ಒಂದು ಸೌಟು ಹೆಂಡತಿಯ ಬಾಣಲೆಗೆ ಸುರಿದು ಲಾರಿ ಹತ್ತಿದ.

"ಬರ್ತೀಯಾ ಅಕ್ಕಾ?" ಎಂದ ಚಿತ್ರಲಿಂಗ.

"ಭಾನುವಾರದ ವ್ಯಾಪಾರ ಬಿಟ್ಟು ಬರೋಕಾಗುತ್ತೇನೋ? ನೀನು ಹೋಗಿ ಒಪ್ಪಿಸಿಕೊಂಡು ಬಾ. ಆ ಭಾವನ ಬಾಯಿಗೆ ಮಾತ್ರ ಏನಾದರೂ ತುರುಕಿ ಕೂರಿಸು!"

*

ಊರು ದಾಟಿದ ಮೇಲೆ ಚಿತ್ರಲಿಂಗ ಕನ್ನಡಿ ನೋಡಿದ. ಹಿಂದೆ ಒಂದು ಬಸ್ಸು, ಎರಡು ಟ್ರ್ಯಾಕ್ಟರು, ಎಣಿಸಲಾಗದಷ್ಟು ಬೈಕು, ಅವುಗಳ ಹಿಂದೆ ನಾಯಿಗಳ ದಂಡು.

"ಭಾವ, ಇವರೆಲ್ಲ ಯಾಕೆ ನಮ್ಮ ಹಿಂದೆ ಬರ್ತಿದ್ದಾರೆ?"

ಕಾಟಯ್ಯ ಕಿಟಕಿಯಿಂದ ಮೂಗು ಹೊರಗೆ ಹಾಕಿದ. "ಹೊಗೆ ಕಣೋ! ಸೈಲೆನ್ಸರಿನಿಂದ ನಿಮ್ಮಕ್ಕನ ಮಿರ್ಚಿ ವಾಸನೆ ಬರ್ತಿದೆ!"

ಬಸ್ಸಿನವನು ಪಕ್ಕಕ್ಕೆ ಬಂದು, "ಅಣ್ಣಾ, ಒಂದು ಪ್ಲೇಟು ಎಷ್ಟು?" ಎಂದು ಕೂಗಿದ. ಬಸ್ಸಿನ ತುಂಬ ಜನ ಬಾಯಲ್ಲಿ ನೀರಿಟ್ಟುಕೊಂಡು ನೋಡುತ್ತಿದ್ದರು. ಆ ಬಸ್ಸು ಪಾವಗಡಕ್ಕೆ ಹೋಗಬೇಕಾದ್ದು!

ಅಷ್ಟರಲ್ಲಿ ಚಿತ್ರಲಿಂಗನ ಕಣ್ಣು ಮುಂದಿನ ಬಂಪರಿನ ಕಡೆ ಹೋಯಿತು. ದೃಷ್ಟಿ ತಾಗದಿರಲೆಂದು ಕಟ್ಟಿದ್ದ ಕರಿ ಕೂದಲಿನ ಚೌರಿ ಗಾಳಿಗೆ ಮೇಲೆದ್ದಿತ್ತು. ಅದು ಅಜ್ಜಿಯ ತುರುಬಿನಷ್ಟು ಬೆಳ್ಳಗಾಗಿತ್ತು.

"ಭಾವ! ಚೌರಿ!"

"ಹೌದಲ್ಲ! ಎಲ್ಲೋ ಒಂದು ತೊಟ್ಟು ಎಣ್ಣೆ ಹಾರಿದೆ," ಎಂದ ಕಾಟಯ್ಯ, ಪರೀಕ್ಷೆಯಲ್ಲಿ ಫಸ್ಟ್ ಬಂದ ಮಗನನ್ನು ನೋಡುವವನ ಹಾಗೆ. "ಪಾಪ, ಅವಕ್ಕೆ ಓದು ಬರಹ ಇಲ್ಲ. ಮಸಿ ಯಾವುದು, ಚೌರಿ ಯಾವುದು ಅಂತ ಏನು ಗೊತ್ತು? ಕರೀದು ಕಂಡರೆ ತಿನ್ನುತ್ತವೆ."

"ಕರೀದು ಕಂಡರೆ... ಎಲ್ಲಾನೂ ತಿನ್ನುತ್ತವಾ?"

"ಎಲ್ಲಾನೂ!"

ಚಿತ್ರಲಿಂಗ ಗಾಬರಿಗೆ ಮೀಸೆ ಮುಟ್ಟಿಕೊಂಡ. ಬೆಳಗ್ಗೆ ಗೇಜು ಹಿಡಿದ ಕೈಯಲ್ಲೇ ಮುಟ್ಟಿಕೊಂಡ! ಎಣ್ಣೆ ಕೈಯನ್ನು ತಲೆಗೋ ಮೀಸೆಗೋ ಒರೆಸಿಕೊಳ್ಳುವುದು ಲಾರಿಯವರ ಹುಟ್ಟುಗುಣ. ಕನ್ನಡಿಯಲ್ಲಿ ನೋಡುನೋಡುತ್ತ ಎಡಗಡೆಯ ಮೀಸೆಯ ತುದಿ ಬೂದಿಯಾಯಿತು, ಬೂದಿ ಸುಣ್ಣವಾಯಿತು.

"ವಾಪಸ್ ತಿರುಗಿಸ್ತೀನಿ!"

"ತಿರುಗಿಸಿ ಯಾವ ಮನೆಗೆ ಹೋಗ್ತೀಯ? ಇದು ಹೋದರೆ ನಿನಗೆ ಹೆಣ್ಣು ಕೊಡೋಕೆ ಇನ್ನು ಯಾರು ಉಳಿದಿದ್ದಾರೆ? ಎಡಗಡೆ ಕರ್ಚೀಫು ಹಿಡ್ಕೋ. ಹಲ್ಲುನೋವು ಅನ್ನು."

*

ಓಬಳಪ್ಪ ಅಂಗಡಿಯ ಮುಂದೆ ನಿಂತಿದ್ದ. ಎರಡು ಬೆಕ್ಕು ಎದುರುಬದುರು ಕೂತಂಥ ದಪ್ಪ ಕರಿ ಮೀಸೆ. ಹಿಂದೆ ಗ್ಯಾರೇಜುಗಳಿಂದ ಬಂದ ಹಳೇ ಕರಿ ಆಯಿಲಿನ ಡ್ರಮ್ಮುಗಳ ಸಾಲು.

"ಬನ್ನಿ ಬನ್ನಿ. ಕೂರೋದು ಆಮೇಲೆ, ಮೊದಲು ಶಾಸ್ತ್ರ," ಎಂದ. "ಎಂಜಿನ್ ಆಫ್ ಮಾಡಪ್ಪ."

ಚಿತ್ರಲಿಂಗ ಕೀಲಿ ತಿರುಗಿಸಿದ. ನಾಗತಿ ಡುಗುಡುಗು ಅನ್ನುತ್ತಲೇ ಇತ್ತು. ಕೀಲಿ ಕಿತ್ತು ಕೈಯಲ್ಲಿ ಹಿಡಿದ. ಡುಗುಡುಗು.

"ಆಫ್ ಮಾಡು ಅಂದೆ."

"ಮಾಡಿದ್ದೀನಿ ಯಜಮಾನ್ರೇ. ಅದು... ತುಂಬ ನಂಬಿಕೆಯ ಎಂಜಿನ್ನು. ಬೇಡ ಅಂದರೂ ದುಡಿಯುತ್ತೆ!"

ಕಾಟಯ್ಯ ಅವನ ಕಿವಿಯಲ್ಲಿ ಪಿಸುಗುಟ್ಟಿದ: "ಅದ್ಭುತ ಕಣೋ! ಡೀಸೆಲ್ ಬಿಟ್ಟುಬಿಟ್ಟಿದೆ! ತನ್ನ ಎಣ್ಣೆ ತಾನೇ ಕುಡಿದು ಓಡ್ತಿದೆ. ಉರಿದರೆ ಮಸಿ, ಮಸಿ ತಿಂದರೆ ಎಣ್ಣೆ, ಎಣ್ಣೆ ಕುಡಿದರೆ ಮತ್ತೆ ಓಟ! ಇದು ನಿಲ್ಲೋದೇ ಇಲ್ಲ!"

"ನಿಲ್ಲೋದೇ ಇಲ್ವಾ?"

"ಹಲ್ಲುನೋವು, ಹಲ್ಲುನೋವು! ಕರ್ಚೀಫು ಜಾರ್ತಿದೆ!"

ಓಬಳಪ್ಪ ಗೇಜು ಎಳೆದ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಉಜ್ಜಿದ. ಮೂಸಿದ. ಬಿಸಿಲಿಗೆ ಹಿಡಿದ. ಅವನ ಕಣ್ಣು ಒದ್ದೆಯಾಯಿತು.

"ಇಂಥ ಎಣ್ಣೆ ನನ್ನ ಸರ್ವೀಸಿನಲ್ಲೇ ನೋಡಿಲ್ಲ! ಯಾವಾಗ ಬದಲಿಸಿದೆ ಮಗನೇ?" ಎಂದು ಆನಂದ ತಡೆಯಲಾರದೆ ಎರಡೂ ಕೈಯಿಂದ ಮೀಸೆ ಹುರಿಮಾಡಿದ.

ಚಿತ್ರಲಿಂಗ ಕರ್ಚೀಫನ್ನು ಇನ್ನಷ್ಟು ಒತ್ತಿ ಹಿಡಿದ. ಓಬಳಪ್ಪನ ಎರಡು ಕರಿ ಬೆಕ್ಕುಗಳು ಕಣ್ಣೆದುರೇ ಎರಡು ಬಿಳಿ ಬೆಕ್ಕುಗಳಾಗುತ್ತಿದ್ದವು.

"ಬೊಮ್ಮಕ್ಕಾ! ಕಾಫಿ ತಗೊಂಡು ಬಾರಮ್ಮಾ! ಗಂಡು ಪಾಸು!"

ಬೊಮ್ಮಕ್ಕ ಬಂದಳು. ಬಗ್ಗಿಸಿದ ತಲೆ, ಕೈಯಲ್ಲಿ ತಟ್ಟೆ, ಅಂಥದ್ದೆಲ್ಲ ಏನೂ ಇಲ್ಲ. ಅಂಗಡಿ ನಡೆಸುವವಳೇ ಅವಳು. ಕಾಫಿಯನ್ನು ಅಂಗಡಿಯ ಜಗಲಿಯ ಮೇಲಿಟ್ಟು, "ಅಪ್ಪ ನೋಡಿದ್ದು ಸಾಕಾಗಲ್ಲ. ಸಂಸಾರ ಮಾಡೋಳು ನಾನು," ಎಂದು ಗೇಜನ್ನು ತಾನೇ ಇಸಕೊಂಡಳು. ಬೆರಳಲ್ಲಿ ಎಣ್ಣೆ ನೋಡಿದಳು, ಹುಬ್ಬು ಗಂಟಿಕ್ಕಿದಳು, ಹಣೆಗೆ ಬಿದ್ದ ಮುಂಗುರುಳನ್ನು ಅದೇ ಬೆರಳಿಂದ ಕಿವಿಯ ಹಿಂದಕ್ಕೆ ಸರಿಸಿದಳು.

ಚಿತ್ರಲಿಂಗನ ಕೈಯಿಂದ ಕರ್ಚೀಫು ಬಿತ್ತು.

"ಏನ್ರೀ, ನಿಮ್ಮ ಮೀಸೆ ಅರ್ಧ ಬೆಳ್ಳಗಿದೆ!" ಎಂದಳು ಬೊಮ್ಮಕ್ಕ.

"ನಿಮ್ಮ ಕೂದಲೂ..." ಎಂದ ಚಿತ್ರಲಿಂಗ.

ಬಿಳುಪು ಮುಂಗುರುಳಿನಿಂದ ಬೈತಲೆಗೆ, ಬೈತಲೆಯಿಂದ ಜಡೆಗೆ ಬೆಂಕಿ ಹತ್ತಿದ ಹುಲ್ಲಿನ ಹಾಗೆ ಹರಿಯಿತು. ಹೆಣ್ಣಿಗೆ ಇಪ್ಪತ್ತೇಳು ಎಂದು ಹೇಳಿ ಕಳಿಸಿದ್ದರು.

"ಏನಯ್ಯಾ ಮೋಸಗಾರ! ನಿನ್ನ ವಯಸ್ಸೆಷ್ಟು?" ಎಂದು ಓಬಳಪ್ಪ ಗುಡುಗಿದ.

"ನಿಮ್ಮ ಮಗಳ ವಯಸ್ಸೆಷ್ಟು ಯಜಮಾನ್ರೇ?" ಎಂದು ಕಾಟಯ್ಯ ನಡುವೆ ಬಂದ.

"ಹೆಣ್ಣಿನ ವಯಸ್ಸು ಕೇಳೋನು ನೀನ್ಯಾರೋ, ಬೋಳ!"

"ನಾನು ವಿಜ್ಞಾನಿ! ನೀವು ಮೊದಲು ಕನ್ನಡಿ ನೋಡ್ಕೊಳ್ಳಿ, ತಾತ!"

ಓಬಳಪ್ಪ ಕನ್ನಡಿ ನೋಡಿಕೊಂಡ. ಊರ ಕೊನೆಯಲ್ಲಿದ್ದ ಬೇವಿನ ಮರದ ಹಕ್ಕಿಗಳೆಲ್ಲ ಒಂದೇ ಸಲ ಎದ್ದು ಹಾರಿಹೋದವು ಅಂದರೆ ಅವನು ಹೇಗೆ ಕಿರುಚಿರಬೇಕು ಲೆಕ್ಕ ಹಾಕಿ!

ಆ ಕಿರುಚಾಟಕ್ಕೋ, ಒಳಗೆ ಎಣ್ಣೆ ಉಕ್ಕಿದ್ದಕ್ಕೋ, ನಾಗತಿಯ ಆಯಿಲ್ ಮುಚ್ಚಳ ಢಮ್ಮನೆ ಹಾರಿ ಆಕಾಶ ಸೇರಿತು. ಎಣ್ಣೆಯ ಕಾರಂಜಿ ತೆಂಗಿನ ಮರದಷ್ಟು ಎತ್ತರ ಎದ್ದಿತು! ಅಂಗಡಿಯ ಬೋರ್ಡಿನ ಕರಿ ಅಕ್ಷರಗಳು ಒಂದೊಂದೇ ಮಾಯವಾದವು. ಬೀದಿಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಾಗ ಹಸುವಾಗಿತ್ತು. ಆಮೇಲೆ ‘ಪುಸ್’ ಅಂತ ಒಂದು ಶಬ್ದ. ನಾಗತಿಯ ಮುಂದಿನ ಎಡ ಚಕ್ರದ ಟೈರು ಜಾಮೂನಿನ ಹಾಗೆ ಮೆತ್ತಗಾಗಿ, ಕರಗಿ, ಹೊನ್ನಿನ ಬಣ್ಣದ ಎಣ್ಣೆಯಾಗಿ ಹರಿದುಹೋಯಿತು.

"ಭಾವ! ಟೈರು!"

"ಟೈರಿನ ತುಂಬ ಇರೋದೇ ಮಸಿ ಕಣೋ. ಕಪ್ಪಗೆ ಯಾಕಿದೆ ಅಂದುಕೊಂಡೆ?" ಎಂದ ಕಾಟಯ್ಯ ಎಣ್ಣೆಯಲ್ಲಿ ನೆನೆಯುತ್ತ. "ಇದನ್ನ ಮೊದಲೇ ಯೋಚಿಸಬೇಕಿತ್ತು."

ಪುಸ್. ಪುಸ್. ಪುಸ್. ನಾಗತಿ ಮಂಡಿಯೂರುವ ಆನೆಯ ಹಾಗೆ ಮೊದಲು ಮುಂದೆ, ಆಮೇಲೆ ಹಿಂದೆ, ಕೊನೆಗೆ ಪೂರ್ತಿ ನೆಲಕ್ಕೆ ಕೂತಿತು. ಎಂಜಿನ್ ಮಾತ್ರ ಡುಗುಡುಗು, ಡುಗುಡುಗು. ಇಡೀ ಆಯುಸ್ಸಿನಲ್ಲಿ ಅಷ್ಟು ನಯವಾಗಿ ಅದು ಓಡಿದ್ದೇ ಇಲ್ಲ!

ಕಾಟಯ್ಯನ ಫೋನು ಬಡಿದುಕೊಂಡಿತು. ದ್ಯಾಮಕ್ಕನ ದನಿ ಸ್ಪೀಕರ್ ಇಲ್ಲದೆಯೇ ಎಲ್ಲರಿಗೂ ಕೇಳಿಸಿತು. "ರೀ! ಬಾಣಲೆ ಎಣ್ಣೆ ನೀರಿನಷ್ಟು ತಿಳಿಯಾಗಿದೆ! ಮಿರ್ಚಿ ಆಸ್ಪತ್ರೆ ಊಟದ ಹಾಗಿದೆ! ಗಿರಾಕಿಗಳೆಲ್ಲ ಯಾರು ಸತ್ತರು ಅಂತ ಕೇಳ್ತಿದ್ದಾರೆ! ಮೊದಲ ಬಸ್ಸಿಗೆ ಹತ್ತಿದ್ದೀನಿ, ಸೌಟು ಜತೇಲೇ ಇದೆ!"

ಕಾಟಯ್ಯ ಮೆಲ್ಲಗೆ ಲಾರಿಯ ಕ್ಯಾಬಿನ್ನಿಗೆ ಹತ್ತಿ ಒಳಗಿನಿಂದ ಚಿಲಕ ಹಾಕಿಕೊಂಡ.

*

ಚಿತ್ರಲಿಂಗ ಎಣ್ಣೆ ತೊಟ್ಟಿಕ್ಕುತ್ತ ನಿಂತಿದ್ದ. ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಲಾರಿಯ ಕತೆಯೂ ಮುಗಿಯಿತು, ಮದುವೆಯ ಕತೆಯೂ ಮುಗಿಯಿತು. ಇನ್ನೇನು ಬಸ್ ಸ್ಟ್ಯಾಂಡ್ ಕಡೆ ತಿರುಗಬೇಕು.

"ನಿಲ್ಲಿ," ಎಂದಳು ಬೊಮ್ಮಕ್ಕ. ಅವಳ ತಲೆ ಬೆಳ್ಳಿ ಕಳಶದಂತೆ ಹೊಳೆಯುತ್ತಿತ್ತು. "ಒಂದು ಮಾತು. ಈಗ ಸುಳ್ಳು ಹೇಳಿದರೂ ಪ್ರಯೋಜನ ಇಲ್ಲ. ಕೊನೇ ಸಲ ಆಯಿಲ್ ಬದಲಿಸಿದ್ದು ಯಾವಾಗ?"

ಚಿತ್ರಲಿಂಗ ನೆಲ ನೋಡಿದ. "ನೆನಪಿಲ್ಲ ಕಣ್ರೀ. ಅವತ್ತು ಮೀಸೆ ನಿಜವಾಗ್ಲೂ ಕರ್ರಗಿತ್ತು."

ಬೊಮ್ಮಕ್ಕ ನಕ್ಕಳು. ನಕ್ಕವಳು ಬಾನೆಟ್ ಹಿಡಿದುಕೊಂಡು ನಕ್ಕಳು. "ಇಷ್ಟು ಗಂಡು ಬಂದರು, ಎಲ್ಲರೂ ಅಪ್ಪನಿಗೆ ಎಣ್ಣೆ ತೋರಿಸೋರೇ. ನಿಜ ಹೇಳಿದ್ದು ನೀವೊಬ್ಬರೇ. ಅದೂ ಲಾರಿ ನೆಲಕ್ಕೆ ಕೂತ ಮೇಲೆ. ನನಗೂ ತಿಂಗಳಿಗೆ ಎರಡು ಸಲ ಬಣ್ಣ ಹಚ್ಚಿ ಹಚ್ಚಿ ಕತ್ತು ನೋವು ಬಂದಿತ್ತು. ಇಬ್ಬರಿಗೂ ಒಂದು ಖರ್ಚು ಉಳೀತು ಬಿಡಿ."

"ನಾನು ಒಪ್ಪಲ್ಲ!" ಎಂದು ಓಬಳಪ್ಪ ಬಿಳಿ ಮೀಸೆ ಅಲ್ಲಾಡಿಸಿದ. "ಎಣ್ಣೆ ಬದಲಿಸದ ಲಾರಿ! ನನ್ನ ವ್ಯಾಪಾರಕ್ಕೇ ಕಲ್ಲು ಹಾಕೋ ಅಳಿಯ!"

ಅಷ್ಟರಲ್ಲಿ ಹಿಂದೆ ಏನೋ ಬುಳುಬುಳು ಎಂದಿತು. ಕಾರಂಜಿಯ ಹನಿಗಳು ಹಳೇ ಆಯಿಲಿನ ಡ್ರಮ್ಮುಗಳಿಗೂ ಬಿದ್ದಿದ್ದವು. ಕರಿ ಕೊಚ್ಚೆಯೆಲ್ಲ ಹೊನ್ನಿನ ಎಣ್ಣೆಯಾಗಿ, ಡ್ರಮ್ಮು ತುಂಬಿ, ತುಳುಕಿ, ಮೋರಿಗೆ ಹರಿಯುತ್ತಿತ್ತು. ಓಬಳಪ್ಪ ಡ್ರಮ್ಮು ನೋಡಿದ, ಲಾರಿ ನೋಡಿದ, ಚಿತ್ರಲಿಂಗನನ್ನು ನೋಡಿದ.

"ನಿಂತ್ಕೊಂಡೇ ಇದ್ದೀರಲ್ಲ ಅಳಿಯಂದ್ರೇ," ಎಂದ. "ಕಾಫಿ ಆರಿಹೋಗುತ್ತೆ. ಕೂತ್ಕೊಳ್ಳಿ!"

ಮದುವೆ ಅಂಗಡಿಯ ಮುಂದೆಯೇ ಆಯಿತು, ನಾಗತಿ ಬೇರೆಲ್ಲಿಗೂ ಹೊರಡುವ ಸ್ಥಿತಿಯಲ್ಲಿರಲಿಲ್ಲವಲ್ಲ. ಓಲಗದವರು ಅದರ ಡುಗುಡುಗುಗೆ ತಾಳ ಹೊಂದಿಸಿಕೊಂಡರು. ಮೈಮೇಲಿನ ಜೀವಿಗಳು ಸೋಪಿಗೆ ಸತ್ತವು. ಎಂಜಿನ್ನಿನೊಳಗೆ ಸೋಪು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ದ್ಯಾಮಕ್ಕ ಗಂಡನನ್ನು ಕ್ಯಾಬಿನ್ನಿನಿಂದ ಇಳಿಸಿದ್ದು ಮಾತ್ರ ಧಾರೆಯ ಹೊತ್ತಿಗೆ. ತನ್ನ ಬಾಣಲೆಗೆ ಮತ್ತೆ ಮೊದಲಿನಿಂದ ಎಣ್ಣೆ ಹಾಕಿದ್ದಾಳೆ. ರುಚಿ ಬರಲು ಮೊಮ್ಮಕ್ಕಳ ಕಾಲವಾಗಬೇಕು ಅನ್ನುತ್ತಾಳೆ.

ಓಬಳಪ್ಪ ಆ ಎಣ್ಣೆಯನ್ನು ಇಡೀ ಜಿಲ್ಲೆಗೆ ಮಾರಿದ. ಲಾರಿಗಳು ಹಬ್ಬದ ಸಂತೆಯ ಹಾಗೆ ಸಾಲುಗಟ್ಟಿ ನಿಂತವು. ಕ್ಯಾರಿಯರ್ ಡಬ್ಬಿ ಇಲ್ಲದ ಲಾರಿಗಳಲ್ಲಿ ಅದು ಉಕ್ಕಲಿಲ್ಲ, ಹಾರಲಿಲ್ಲ, ಟೈರು ಮುಟ್ಟಲಿಲ್ಲ. ತೆಪ್ಪಗೆ ಕೆಲಸ ಮಾಡಿತು. ಅದಕ್ಕೇ ಕೊಂಡವರಲ್ಲಿ ಒಬ್ಬನೂ ಎರಡನೇ ಸಲ ಬರಲಿಲ್ಲ. ಓಬಳಪ್ಪ ಈಗ ಖಾಲಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಬಿಳಿ ಮೀಸೆ ತಿರುವುತ್ತ ಕೂತಿರುತ್ತಾನೆ. ಪಕ್ಕದಲ್ಲಿ ಕಾಟಯ್ಯ ಜೀವಿಗಳ ಕಣ್ಣಿಗೆ ಕಾಣದಂತೆ ಟೈರಿಗೆ ಬಿಳಿ ಬಣ್ಣ ಬಳಿಯುವ ಯಂತ್ರ ಮಾಡುತ್ತಿರುತ್ತಾನೆ.

ಟೈರಿಲ್ಲದೆ ಕಲ್ಲಿನ ಮೇಲೆ ಕೂತು ಇನ್ನೂ ಡುಗುಡುಗು ಅನ್ನುತ್ತಿರುವ ನಾಗತಿಯನ್ನು ಕಂಡು ದಾರಿಯಲ್ಲಿ ಹೋಗುವ ಡ್ರೈವರುಗಳು, "ಹೇಗಿದೆ ಅಣ್ಣಾ, ಎಂಜಿನ್ನು?" ಎಂದು ಕೇಳುತ್ತಾರೆ.

"ಎಂಜಿನ್ನಿನ ಬಗ್ಗೆ ಒಂದು ಮಾತಾಡೋ ಹಾಗಿಲ್ಲ," ಅನ್ನುತ್ತಾನೆ ಚಿತ್ರಲಿಂಗ. "ಲಾರಿ ಹೊರಡಲ್ಲ, ಅಷ್ಟೆ."